ಕೆಂಪಾಗುವ ಸಾಲು

ಬೆಳಗಾವಿಯಿಂದ ದಿನಾ ಬಸ್ಸಿನಲ್ಲಿ ಖಾನಾಪುರಕ್ಕೆ ಬರುವ ನಮ್ಮ ವಕೀಲರ ಗುಮಾಸ್ತ ಪಾರ್ಶ್ವನಾಥ ಚೌಗುಲೆ ಮೊದಲು ಮಾಡುವ ಕೆಲಸವೆಂದರೆ ಕಂಪ್ಯೂಟರಿನಲ್ಲಿ ತಮ್ಮ ಪಟ್ಟಿ ತೆರೆಯುವುದು. ಅದರಲ್ಲಿ ಚಿತ್ರವಿಲ್ಲ, ಚೌಕವಿಲ್ಲ. ಬರೀ ಸಾಲುಗಳು, ಪ್ರತಿ ಸಾಲಿಗೂ ಒಂದು ತಾರೀಖು. ವಾಯಿದೆಗೆ ಮೂರು ದಿನ ಉಳಿದರೆ ಸಾಲು ಹಳದಿಯಾಗುತ್ತದೆ, ಒಂದೇ ದಿನ ಉಳಿದರೆ ಕೆಂಪು. “ಮತ್ತ ಕೆಂಪ ಬಂತ ನೋಡ್ರಿ” ಎಂದು ನಿಟ್ಟುಸಿರು ಬಿಟ್ಟ ಮೇಲೆಯೇ ಅವರಿಗೆ ಚಹಾ. ತಕರಾರು ಅರ್ಜಿ, ವಕಾಲತ್ತು, ಬೀಡಿ ಊರಿನ ಸಾಕ್ಷಿಗೆ ಹೇಳಿಕಳಿಸುವುದು, ಕೊನೆಗೆ ಉಗುರು ಕತ್ತರಿಸುವುದಕ್ಕೂ ಅಲ್ಲಿ ತಾರೀಖು ಇದೆ. ಇಪ್ಪತ್ತು ವರ್ಷದಲ್ಲಿ ಒಂದು ವಾಯಿದೆಯನ್ನೂ ಅವರು ತಪ್ಪಿಸಿಲ್ಲ. ದಣಿವು ಮಾತ್ರ ಕಣ್ಣ ಕೆಳಗೆ ಕಪ್ಪಾಗಿ ಕೂತಿದೆ. ಆದರೆ ಒಂದು ಸಾಲು ದಿನಾ ಕೆಂಪಾಗಿಯೇ ಇರುತ್ತದೆ: ಲೋಂಡಾದ ಅಕ್ಕನಿಗೆ ಫೋನ್ ಮಾಡುವುದು. ಅಕ್ಕನ ಮಗಳ ಮದುವೆಯಲ್ಲಿ ಇವರೇ ಆಡಿದ ಒಂದು ಬಿರುಸು ಮಾತಿನಿಂದ ಅಕ್ಕ ತಮ್ಮನ ನಡುವೆ ನಾಲ್ಕು ವರ್ಷದಿಂದ ಮಾತಿಲ್ಲ. ಸಂಜೆ ಹೊರಡುವ ಮುಂಚೆ ಇವರು ಆ ತಾರೀಖನ್ನು ನಾಳೆಗೆ ತಿದ್ದುತ್ತಾರೆ. ಪಕ್ಕದ ಮೇಜಿನಲ್ಲಿ ಟೈಪ್ ಮಾಡುವ ನಾನು ಒಮ್ಮೆ ತಡೆಯಲಾರದೆ ಹೇಳಿದೆ: “ಮಾಡಂಗಿಲ್ಲಂದ್ರ ಅಳಿಸಿಬಿಡ್ರಲ್ಲ, ಕಾಕಾ.” ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಅಳಿಸಿದ್ರ, ಇನ್ನ ಮಾತಾಡೂದ ಬ್ಯಾಡ ಅಂತ ನಾನ ಠರಾವ್ ಮಾಡಿದಂಗ ಆಗತೈತಿ, ವರದಾ.”