ಗುಂಡಮ್ಮ ಇಟ್ಟುಕೊಂಡ ಲಿಂಗ

ಭಾಲ್ಕಿಯ ಗುಂಡಮ್ಮ ಹಿಟ್ಟಿನ ಗಿರಣಿ ನಡೆಸುವವಳು. ನಸುಕಿನಲ್ಲಿ ಮಿಂದು, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸಿದ ಮೇಲೆಯೇ ಗಿರಣಿಯ ಪಟ್ಟಾ ತಿರುಗುತ್ತಿತ್ತು. ಆದರೆ ಆ ತಾಯಿ ಪೂಜಿಸುತ್ತಿದ್ದುದು ಒಂದಲ್ಲ, ಎರಡು ಲಿಂಗಗಳನ್ನು. ಅದು ಅವಳಿಗೂ ಶಿವನಿಗೂ ಮಾತ್ರ ಗೊತ್ತಿದ್ದ ಸಂಗತಿ.

ಎರಡನೆಯದು ಗಂಡ ಮಲ್ಲಿಕಾರ್ಜುನಪ್ಪನವರದು. ಲಿಂಗೈಕ್ಯರಾದವರನ್ನು ಸಮಾಧಿಯಲ್ಲಿ ಕುಳ್ಳಿರಿಸುವಾಗ ಅವರ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಕಳುಹಿಸುವುದು ಲಿಂಗವಂತರ ರೂಢಿ. ಬದುಕಿಡೀ ಎದೆಯ ಮೇಲಿದ್ದುದು ಕೊನೆಗೂ ಜೊತೆಗಿರಬೇಕು. ಔರಾದದ ಸ್ವಂತ ಹೊಲದಲ್ಲಿ ಅವರನ್ನು ಕೂರಿಸಿದ ದಿನ, ಕಡೆಯ ನಮಸ್ಕಾರಕ್ಕೆಂದು ಬಾಗಿದ ಗುಂಡಮ್ಮ ಲಿಂಗವನ್ನು ಸೆರಗಿಗೆ ಸರಿಸಿಕೊಂಡು, ಅಲ್ಲಿ ವಿಭೂತಿಯ ಗಟ್ಟಿಯನ್ನಿಟ್ಟು, ಮೇಲೆ ಬಿಲ್ವಪತ್ರೆ ಮುಚ್ಚಿದ್ದಳು. ಅವರ ಮೈಯ ಬಿಸುಪು ಅದರಲ್ಲಿ ಇನ್ನೂ ಉಳಿದಿದೆಯೆಂದೇ ಅವಳ ನಂಬಿಕೆ.

ಈ ವರ್ಷ, ಬೀದರದ ಕಾಲೇಜಿನಲ್ಲಿ ಓದುವ ಅಣ್ಣನ ಮಗ ಓಂಪ್ರಕಾಶ ಕಿರುಚಿತ್ರ ಮಾಡಲು ಬಂದ. ಗಂಡನನ್ನು ಬೀಳ್ಕೊಡುವ ಹೆಂಡತಿಯ ಕಥೆ.

“ಅತ್ತಿ, ನೀವ ಮಾಡ್ಬೇಕ್ರಿ. ಮಾತಿಲ್ಲ ಏನಿಲ್ಲ. ಅಂವನ ಕೈಯಾಗ ಲಿಂಗ ಇಟ್ಟು ಕೈ ತಗೀಬೇಕು, ಅಷ್ಟ.”

ಹೆಣವಾಗಿ ಕುಳಿತವನು ಅವನ ಗೆಳೆಯ ಸಿದ್ದೇಶ್ವರ. ಲಿಂಗಕ್ಕೆ ಬದಲು ಒಂದು ಕರಿಯ ಕಲ್ಲು. ಗುಂಡಮ್ಮ ಕಲ್ಲನ್ನಿಟ್ಟಳು, ಕೈ ಮಾತ್ರ ತೆಗೆಯಲಿಲ್ಲ.

“ಅತ್ತಿ, ಬಿಡ್ರಿ!”

ಇನ್ನೊಮ್ಮೆ ಮಾಡಿದರು, ಮತ್ತೊಮ್ಮೆ ಮಾಡಿದರು. ಕಡೆಗೆ ಹೆಣವೇ ಕಣ್ಣು ತೆರೆಯಿತು.

“ಅತ್ತಿ, ಕಾಲು ಜೋಮು ಹಿಡದಾವ್ರಿ. ಇನ್ನ ಸ್ವಲ್ಪ ಹೊತ್ತಾದ್ರ ಖರೇನ ಹೋಗ್ತೇನಿ ನೋಡ್ರಿ!”

ಎಲ್ಲರೂ ನಕ್ಕರು. ಗುಂಡಮ್ಮ ಮಾತ್ರ ಬಿಕ್ಕಿ ಬಿಕ್ಕಿ ಅತ್ತಳು. ಸೆರಗಿನ ಮರೆಯಲ್ಲಿ ಎದೆಗಿದ್ದ, ಲಿಂಗವಿಡುವ ಎರಡನೆಯ ಕರಡಿಗೆಯನ್ನು ತೆಗೆದು ತೋರಿಸಿದಳು.

“ನಾ ಅವತ್ತೂ ಬಿಡಲಿಲ್ಲೋ, ಓಮ್ಯಾ. ನಿಮ್ಮ ಮಾಮಾ ಖಾಲಿ ಕೈಲಿ ಹೋಗ್ಯಾರ. ಕನಸಿನಾಗ ಬಂದು ಕೈ ಚಾಚ್ತಾರ. ಕೊಟ್ಟಬಿಟ್ರ ಮತ್ತ ಬರ್ತಾರೋ ಇಲ್ಲೋ ಅಂತ ಇಟ್ಕೊಂಡೇನಿ.”

ಶಿವನೇ, ಭಕ್ತೆಯ ಎದೆಯಲ್ಲೂ ನೀನು ಎಂಥ ಹಸಿವನ್ನಿಟ್ಟಿದ್ದೀಯೆ!

ಮರುದಿನ ಗುಂಡಮ್ಮ, ಓಂಪ್ರಕಾಶ ಇಬ್ಬರೂ ಔರಾದದ ಬಸ್ಸು ಹತ್ತಿದರು. ಸಮಾಧಿಯ ಮಗ್ಗುಲಲ್ಲಿ ಗುಂಡಮ್ಮ ತನ್ನ ಕೈಯಿಂದಲೇ ಮೊಳದಾಳಕ್ಕೆ ಮಣ್ಣು ತೋಡಿ, ಲಿಂಗವನ್ನು ಒಳಗಿಟ್ಟಳು. ತೋಳು ಹಾಗೆಯೇ ಮಣ್ಣಿನೊಳಗೆ ಉಳಿಯಿತು.

“ಬಿಟ್ರೇನ್ರಿ, ಅತ್ತಿ?”

“ಗಡಿಬಿಡಿ ಮಾಡಬ್ಯಾಡ. ಇದು ನಿನ್ನ ಸಿನೆಮಾ ಅಲ್ಲ.”

ಬಹಳ ಹೊತ್ತಿನ ಮೇಲೆ ಬರಿಗೈ ಹೊರಬಂತು. ಅವಳೇ ಮಣ್ಣೆಳೆದು ಮುಚ್ಚಿದಳು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

“ನಿದ್ದಿ ಬಂತೇನ್ರಿ?”

“ಸುಮ್ಮಿರು,” ಎಂದಳು ಗುಂಡಮ್ಮ. “ಬರ್ತಾರೇನೋ ನೋಡ್ತೇನಿ.”