ಅಡುಗೆಮನೆಯ ಚೌಕಗಳು

ನಮ್ಮ ಅಡುಗೆಮನೆ ಬಾಗಿಲಿನ ಒಳಮೈಗೆ ಒಂದು ಗ್ರಾಫ್ ಹಾಳೆ ಅಂಟಿಸಿದೆ. ಅದರ ಮೇಲೆ ನಮ್ಮ ಮನೆಯ ನಕ್ಷೆ: ಗೇಟು, ಸ್ಕೂಟರ್ ನಿಲ್ಲಿಸುವ ಜಾಗ, ಹಾಲ್, ಎರಡು ರೂಮು, ಬಚ್ಚಲು, ಕೊನೆಗೆ ಅಡುಗೆಮನೆ. ಬರೆದವಳು ನಾನೇ. ಮನೆಸಾಲದ ಅಸಲು ಕರಗಿದಷ್ಟೂ ಚೌಕಗಳಿಗೆ ಕೇಸರಿ ಸ್ಕೆಚ್ ಪೆನ್ನಿನಿಂದ ಬಣ್ಣ ತುಂಬಬೇಕು, ಗೇಟಿನಿಂದ ಶುರುಮಾಡಿ ಒಳಗೊಳಗೆ ಬರಬೇಕು ಅನ್ನೋದು ನಿಯಮ. ನಿಯಮವೂ ನನ್ನದೇ. ಈಗ ಅಡುಗೆಮನೆಯೊಂದನ್ನು ಬಿಟ್ಟು ಮನೆಯೆಲ್ಲ ಕೇಸರಿ. ಹಾಳೆಯ ಮೂಲೆಗಳು ರೊಟ್ಟಿಯ ಹಬೆಗೆ ಸುರುಳಿ ಸುತ್ತಿಕೊಂಡಿವೆ.

ಅಬ್ಬಿಗೆರೆಯಲ್ಲಿ ಈ ಮನೆ ಕಟ್ಟಿಸಿದಾಗ ಸಾಲದ ಕಾಗದಗಳಿಗೆ ಅಪ್ಪನ ಜೊತೆ ನಾನೂ ಸಹಿ ಹಾಕಿದೆ. ನನಗೆ ಕೆಲಸ ಸಿಕ್ಕಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ಗದಗ ಕಡೆಯವರು. ಮದುವೆಗೆ ಮುಂಚೆಯೇ ಈ ಊರಿಗೆ ಬಂದು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಂತವರು, ಇವತ್ತಿಗೂ ಅಲ್ಲೇ ನಿಂತಿದ್ದಾರೆ. ಸಾಲ ಇಪ್ಪತ್ತು ವರ್ಷದ್ದು. ಅವರ ನಿವೃತ್ತಿಗೆ ಉಳಿದಿದ್ದದ್ದು ಎಂಟು. ಈ ಪ್ರಶ್ನೆಯನ್ನು ಬ್ಯಾಂಕಿನಲ್ಲಿ ಯಾರೂ ಎತ್ತಲಿಲ್ಲ, ಮನೆಯಲ್ಲೂ ಯಾರೂ ಎತ್ತಲಿಲ್ಲ. ನಾನು ಎತ್ತಿದೆ.

ಎತ್ತೋದು ನನ್ನ ಅಭ್ಯಾಸ. ಮತ್ತಿಕೆರೆಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆ ತಂಡದಲ್ಲಿದ್ದೆ. ಈಗ ಹೆಬ್ಬಾಳದ ಹತ್ತಿರ ಒಂದು ಕಚೇರಿಯಲ್ಲಿ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುತ್ತೇನೆ. ಅಂದರೆ ಜನ ಬರೆದು ಕಳಿಸಿದ್ದರಲ್ಲಿ ಎಲ್ಲಿ ಹೊಂದುತ್ತಿಲ್ಲ ಅಂತ ಹುಡುಕೋದಕ್ಕೆ ನನಗೆ ಸಂಬಳ. ಮುರಿದಿದ್ದು ಬಲಗೈ ಬೆರಳು ಅಂತ ಬರೆದವರ ಸಹಿ ಯಾಕೆ ಇಷ್ಟು ನೆಟ್ಟಗಿದೆ, ಇಂಥ ಪ್ರಶ್ನೆಗಳು.

ಹೀಗಾಗಿ ಒಂದು ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಕೂತು ವಾದ ಮಂಡಿಸಿದೆ. ಕಂತಿನ ಮೇಲೆ ಪ್ರತಿ ತಿಂಗಳೂ ಹೆಚ್ಚುವರಿ ಕಟ್ಟೋಣ, ಅದು ನೇರ ಅಸಲಿಗೇ ಹೋಗುತ್ತೆ, ಅಪ್ಪನ ನಿವೃತ್ತಿಗೆ ಮುಂಚೆ ಸಾಲ ಮುಗಿಯುತ್ತೆ. ಅಪ್ಪನ ಸಂಬಳದಲ್ಲಿ ಮನೆಖರ್ಚು, ನನ್ನದರಲ್ಲಿ ಕಂತು, ಎರಡರಲ್ಲಿ ಉಳಿದದ್ದೆಲ್ಲ ಬ್ಯಾಂಕಿಗೆ.

ಅಪ್ಪ ಒಂದೇ ಒಂದು ಆಕ್ಷೇಪ ಎತ್ತಿದರು. "ಕೈಯಾಗ ಸ್ವಲ್ಪ ಇರ್ಲಿ ತಂಗಿ. ಎಲ್ಲಾ ಅಲ್ಲೇ ಒಯ್ದು ಹಾಕಿದ್ರ, ನಾಳೆ ಏನರ ಬಂತು ಅಂದ್ರ?"

"ನಾಳೆ ಏನಾದ್ರೂ ಬರುತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ ಅಪ್ಪಾ. ಬಡ್ಡಿ ಬರುತ್ತೆ ಅನ್ನೋದಕ್ಕೆ ಇದೆ."

"ನಿನ್ನ ಕೂಡ ಮಾತಾಡಾಕ ವಕೀಲರನ್ನ ಇಟಗೋಬೇಕು" ಅಂದರು ಅಪ್ಪ. ಅಲ್ಲಿಗೆ ಅವರ ಸರದಿ ಮುಗಿಯಿತು.

ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಿಗೆ ಹೋಗಿ ನಿಂತೆ. ಕೇಳುಗರು ಮೆತ್ತಗಾಗೋ ಹೊತ್ತಿಗೆ ಒಂದು ಕಣ್ಣಿಗೆ ಕಟ್ಟುವ ಉದಾಹರಣೆ ಕೊಡಬೇಕು ಅಂತ ನಮಗೆ ಕಲಿಸಿದ್ದರು. "ಅವ್ವಾ, ಈಗ ನೀನು ನಿಂತಿರೋ ಜಾಗ ಯಾರ್ದು ಹೇಳು? ಬ್ಯಾಂಕಿಂದು. ಈ ಕಟ್ಟೆ ಬ್ಯಾಂಕಿಂದು, ಈ ಗೋಡೆ ಬ್ಯಾಂಕಿಂದು. ಕಾಗದಪತ್ರ ಅವರ ಹತ್ರ ಇರೋ ತನಕ ನಾವಿಲ್ಲಿ ಬಾಡಿಗೆಯವರೇ." ಅವ್ವ ಒಂದು ಕ್ಷಣ ಕೈ ನಿಲ್ಲಿಸಿ ಗೋಡೆ ನೋಡಿದಳು. ಆಮೇಲೆ ಮತ್ತೆ ಬಡಿಯತೊಡಗಿದಳು.

ಚರ್ಚೆಯಲ್ಲಿ ಒಂದು ನಿಯಮವಿದೆ: ಎದುರಿನವರು ಉತ್ತರ ಕೊಡದೆ ಬಿಟ್ಟ ವಾದ, ಅವರು ಒಪ್ಪಿಕೊಂಡ ವಾದ. ನಾನು ಎಷ್ಟೋ ಸುತ್ತುಗಳನ್ನು ಈ ಒಂದು ನಿಯಮದಿಂದಲೇ ಗೆದ್ದಿದ್ದೇನೆ. ಸರ್ವಾನುಮತ ಅಂತ ಘೋಷಿಸಿ ಅವತ್ತೇ ನಕ್ಷೆ ಬರೆದೆ.

ಅಡುಗೆಮನೆ ಯಾಕೆ ಕೊನೆಗೆ ಅಂತ ಅವ್ವ ಕೇಳಿದ್ದು ನೆನಪಿದೆ. ಅವಳು ಆ ನಕ್ಷೆಯ ಬಗ್ಗೆ ಕೇಳಿದ ಒಂದೇ ಪ್ರಶ್ನೆ. "ಗೇಟಿಂದ ಒಳಗೆ ಬರೋವಾಗ ಕೊನೇಲಿ ಸಿಗೋದು ಅದೇ ಅಲ್ವಾ" ಅಂದೆ. ಹೌದಲ್ಲ ಅನ್ನೋ ಹಾಗೆ ತಲೆ ಆಡಿಸಿದಳು.

ಅವ್ವನ ರೊಟ್ಟಿ ಮೊದಲಿನಿಂದಲೂ ಇತ್ತು. ಮತ್ತಿಕೆರೆಯಲ್ಲಿ ನಮ್ಮ ಕಡೆಯವರದೇ ಒಂದು ಖಾನಾವಳಿ. ರೂಮು ಮಾಡಿಕೊಂಡು ಓದುವ ಹುಡುಗರು ಅಲ್ಲಿ ಊಟ ಮಾಡುತ್ತಾರೆ. ದಿನಕ್ಕೆ ನಲವತ್ತು ಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ, ಅಪ್ಪ ಕೆಲಸಕ್ಕೆ ಹೋಗುವಾಗ ಸ್ಕೂಟರಿನಲ್ಲಿ ಅಲ್ಲಿಗೆ ಮುಟ್ಟಿಸುತ್ತಿದ್ದರು. ಆ ದುಡ್ಡು ಅವ್ವನದು. ಅದರಲ್ಲಿ ಅವಳು ಊರಿಗೆ ಹೋಗಿಬರುತ್ತಿದ್ದಳು, ಶ್ರಾವಣದಲ್ಲಿ ಒಂದು ಇಳಕಲ್ ಸೀರೆ ತರುತ್ತಿದ್ದಳು. ನಕ್ಷೆ ಬಂದ ಮೂರನೇ ತಿಂಗಳು ಆ ದುಡ್ಡನ್ನೂ ತಂದು ನನ್ನ ಕೈಗೆ ಕೊಟ್ಟಳು. "ಇದನ್ನೂ ಹಚ್ಚು." ನಲವತ್ತು ರೊಟ್ಟಿ ಎಂಬತ್ತಾಯಿತು, ಎಂಬತ್ತು ನೂರಿಪ್ಪತ್ತಾಯಿತು. ಬೇಡ ಅಂತ ನಾನು ಅನ್ನಲಿಲ್ಲ. ರೊಟ್ಟಿ ನೂರಿಪ್ಪತ್ತಾದ ವರ್ಷ ಬಚ್ಚಲು ಪೂರ್ತಿ ಕೇಸರಿಯಾಯಿತು, ನಾನು ಅಪ್ಪನಿಗೆ ತೋರಿಸಿ ಬೀಗಿದೆ.

ಒಂದೊಂದಾಗಿ ಹೇಳಿದರೆ ಎಲ್ಲವೂ ಚಿಕ್ಕವೇ. ಕೇಬಲ್ ತೆಗೆಸಿದೆವು. ಊರಿನ ಮದುವೆಗಳಿಗೆ ಮನೆಯಿಂದ ಒಬ್ಬರೇ ಹೋಗಿಬಂದರು. ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೆ ಹತ್ತಲಿಲ್ಲ; ಅವ್ವ ಅದನ್ನು ಸುತ್ತಿ ದೇವರ ಗೂಡಿನ ಪಕ್ಕ ಒರಗಿಸಿ ಇಟ್ಟಿದ್ದಳು, ಹಬ್ಬ ಯಾವಾಗ ಅಂತ ನೋಡಲು ಪ್ರತಿ ಸಲ ಬಿಚ್ಚಬೇಕು. ಮೊಳೆ ಹೊಡಿಯೋಣ ಅಂದರೆ, "ಮಂದಿ ಗ್ವಾಡಿಗೆ ಯಾಕ ತೂತು" ಅಂದಳು. ನಾನು ನಕ್ಕೆ. ಆಫೀಸಿನಲ್ಲೂ ಹೇಳಿ ನಗಿಸಿದೆ.

ಆಮೇಲಿನ ಸಾಕ್ಷಿಗಳನ್ನು ಈಗ ಪಟ್ಟಿ ಮಾಡುತ್ತೇನೆ; ಒಂದು ಸಾಮಾನ್ಯ ಕ್ಲೇಮಿನಲ್ಲಿ ಇದರ ಕಾಲುಭಾಗ ಸಿಕ್ಕರೂ ಹಿಡಿದುಬಿಡುತ್ತಿದ್ದೆ. ಅಡುಗೆಮನೆಯ ಮೇಲಿನ ಹಲಗೆಯ ಡಬ್ಬಿಗಳೆಲ್ಲ ಸದ್ದಿಲ್ಲದೆ ಕೆಳಗಿನ ಕಟ್ಟೆಗೆ ಇಳಿದವು. ಬಟ್ಟೆ ಒಣಗಿಸುವ ಹಗ್ಗವನ್ನು ಅಪ್ಪ ಎದೆಮಟ್ಟಕ್ಕೆ ಕಟ್ಟಿದರು. ಒಂದು ಭಾನುವಾರ ಅವ್ವ ಚೌಕಗಳಿಗೆ ಬಣ್ಣ ತುಂಬುವಾಗ ಗೆರೆ ದಾಟಿ ಕೇಸರಿ ಆಚೆಗೆ ಹರಿಯಿತು.

"ಏನವ್ವಾ, ಪಕ್ಕದ ಸೈಟನ್ನೂ ಒತ್ತುವರಿ ಮಾಡ್ಕೊಂಡ್ಬಿಟ್ಟೆ" ಅಂದೆ.

ಅವಳೂ ನಕ್ಕಳು. ಪೆನ್ನು ಅವಳ ಎಡಗೈಯಲ್ಲಿತ್ತು. ನಾನು ಅದನ್ನು ನೋಡಿದ್ದೆ. ನೋಡಿದ್ದೆ ಅನ್ನೋದೇ ಈಗ ನನ್ನನ್ನು ಕಾಡೋದು. ಕಾಣದೇ ಇದ್ದಿದ್ದರೆ ಕಾಣಲಿಲ್ಲ ಅಂತ ವಾದಿಸಬಹುದಿತ್ತು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ನನಗೆ ಆಫೀಸಿನ ಕೆಲಸದ ಮೇಲೆ ಮೈಸೂರಿಗೆ ಹೋಗಬೇಕಿತ್ತು, ಎಂದಿಗಿಂತ ಬೇಗ ಎದ್ದೆ. ಹಾಲ್‌ನಲ್ಲಿ ದೀಪ ಉರಿಯುತ್ತಿತ್ತು. ಅವ್ವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು. ಅಪ್ಪ ಅವಳ ಹಿಂದೆ ನಿಂತು, ಬಾಯಲ್ಲಿ ಎರಡು ಹೇರ್‌ಪಿನ್ ಕಚ್ಚಿಕೊಂಡು, ಅವಳ ತಲೆ ಬಾಚುತ್ತಿದ್ದರು.

"ಅಲುಗಾಡಬ್ಯಾಡ, ನಿಂದ್ರ ಸ್ವಲ್ಪ."

"ಕುಂತೀನಲ್ರೀ, ನಿಂದ್ರೂದೇನು. ಹಗೂರಕ ತಿರುವ್ರಿ, ನಿಮ್ಮ ಮಷೀನಿನ ನಟ್ ಅಲ್ಲ ಅದು."

"ನಟ್ ಆಗಿದ್ರ ಇಷ್ಟೊತ್ತಿಗೆ ಕುಂದರತಿತ್ತು."

ತುರುಬು ಒಂದು ಕಡೆ ವಾಲಿತ್ತು. ಅಪ್ಪ ಬಿಚ್ಚಿ ಮತ್ತೆ ಸುತ್ತಿದರು. ಅವರ ಕೈಯ ವರಸೆ ನೋಡಿದರೆ ಇದು ಮೊದಲ ದಿನವಲ್ಲ ಅಂತ ಗೊತ್ತಾಗುತ್ತಿತ್ತು. ನನ್ನನ್ನು ಕಂಡು ಇಬ್ಬರೂ ಸುಮ್ಮನಾದರು, ಮಕ್ಕಳು ಸಿಕ್ಕಿಬಿದ್ದಾಗ ಸುಮ್ಮನಾಗುತ್ತಾರಲ್ಲ, ಹಾಗೆ.

"ಎಷ್ಟು ದಿನದಿಂದ?" ಅಂದೆ.

"ಗಣೇಶನ ಹಬ್ಬದಿಂದ" ಅಂದರು ಅಪ್ಪ.

"ಕೈ ಮ್ಯಾಲೆ ಹೋಗವಲ್ದು ಅಷ್ಟ. ಬಡಿಯಾಕ ಬರ್ತೈತಿ" ಅಂದಳು ಅವ್ವ.

ನಾನು ಮೈಸೂರಿಗೆ ಹೋಗಲಿಲ್ಲ. ವಿದ್ಯಾರಣ್ಯಪುರದ ಮೂಳೆ ಡಾಕ್ಟರು ಅವ್ವನ ಬಲಗೈಯನ್ನು ಮೆಲ್ಲಗೆ ಎತ್ತಿದರು. ಭುಜದ ಮಟ್ಟಕ್ಕೂ ಬಾರದೆ ನಿಂತಿತು. ಅವ್ವ ಕಣ್ಣು ಮುಚ್ಚಿಕೊಂಡಳು. ಕೀಲು ಹಿಡಿದುಕೊಂಡಿದೆ, ಒಳಗಿನ ಸ್ನಾಯುವೂ ಸವೆದಿದೆ ಅಂದರು ಡಾಕ್ಟರು. ಮೊದಲು ನೋವು ಶುರುವಾದಾಗಲೇ ಬರಬೇಕಿತ್ತು. ರೊಟ್ಟಿ ಬಡಿಯೋದು ಇವತ್ತಿಗೇ ನಿಲ್ಲಬೇಕು. ವ್ಯಾಯಾಮ ಮಾಡಿಸಿದರೆ ಸ್ವಲ್ಪ ಸ್ವಲ್ಪ ಬಿಡಬಹುದು, ಮೊದಲಿನಂತೆ ಆಗುತ್ತೆ ಅಂತ ಮಾತ್ರ ಈಗಲೇ ಹೇಳೋದಿಲ್ಲ.

"ಯಾಕಮ್ಮ ಇಷ್ಟು ದಿನ ಬಿಟ್ರಿ?"

ಅವ್ವ ನನ್ನ ಕಡೆ ನೋಡಲಿಲ್ಲ. "ಮನಿ ಕೆಲಸ ಇತ್ರಿ" ಅಂದಳು.

ಅವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದದ್ದು ನಿಜವಾದ ಮೊದಲ ಚರ್ಚೆ. ರೊಟ್ಟಿ ನಿಲ್ಲಿಸು, ಹೆಚ್ಚುವರಿ ಕಟ್ಟೋದನ್ನು ನಿಲ್ಲಿಸೋಣ, ಬರೀ ಕಂತು ಕಟ್ಟಿಕೊಂಡು ಹೋದರೆ ಸಾಕು ಅಂತ ನಾನು. ಅವ್ವ ಕಟ್ಟೆಗೆ ಒರಗಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಆರು ವರ್ಷ ಕೇಳಿಸಿಕೊಂಡದ್ದನ್ನೆಲ್ಲ ನನಗೇ ವಾಪಸ್ ಕೊಟ್ಟಳು.

"ನಿಮ್ಮಪ್ಪನ ಪಗಾರ ನಿಂದರತೈತಿ, ಕಂತು ನಿಂದ್ರೂದಿಲ್ಲ. ನೀನ ಅಂದಿದ್ದಿ."

"ಅಂದಿದ್ದೆ. ಆದ್ರೆ..."

"ನಾಳಿದ್ದು ಗ್ಯಾರಂಟಿ ಇಲ್ಲ, ಬಡ್ಡಿದ್ದು ಐತಿ ಅಂದಿ. ಅಡಿಗಿಮನಿ ಅಷ್ಟ ಉಳದೈತಿ. ಮನಿ ಎಲ್ಲಾ ನಮ್ಮದು ಮಾಡಿಕೊಂಡು ನಾ ನಿಂದ್ರೂ ಜಾಗ ಒಂದ ಬ್ಯಾಂಕಿನವರದಾ?"

"ಅವ್ವಾ, ಅದು ಸುಮ್ನೆ ಹೇಳಿದ್ದು. ಮಾತಿಗೆ ಹೇಳಿದ್ದು. ಕಾನೂನಿನ ಪ್ರಕಾರ ಮನೆ ಮೊದಲ ದಿನದಿಂದ ನಮ್ಮದೇ. ಕಾಗದ ಅವರ ಹತ್ರ ಅಡ ಇದೆ, ಅಷ್ಟೇ."

ಅವ್ವ ನನ್ನ ಮುಖ ನೋಡಿದಳು. "ಮಾತಿಗೆ?" ಅಂದಳು.

ನನ್ನದೇ ನಿಯಮದ ಪ್ರಕಾರ ಆ ಸುತ್ತು ಮುಗಿಯಿತು.

ಆಮೇಲೆ ನಾನು ಮಾಡಿದ ಕೆಲಸ ಹೇಳಿಕೊಳ್ಳೋಕೆ ನಾಚಿಕೆಯಾಗುತ್ತದೆ. ಸ್ಕೆಚ್ ಪೆನ್ನು ತಂದು ಅಡುಗೆಮನೆಯ ಖಾಲಿ ಚೌಕಗಳನ್ನು ತುಂಬತೊಡಗಿದೆ. ಅವಳು ಕಾಯುತ್ತಿರೋದು ಇದಕ್ಕೇ ತಾನೆ, ಕೊಟ್ಟುಬಿಡೋಣ ಅಂತ. ಎರಡು ಚೌಕ ಆಗಿರಬೇಕು. ಅವ್ವ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು.

"ಸುಳ್ಳು ಬರೀಬ್ಯಾಡ. ಇಷ್ಟ ದಿನದ್ದೂ ಸುಳ್ಳಾಗತೈತಿ."

ಪೆನ್ನಿಗೆ ಮುಚ್ಚಳ ಹಾಕಿ ಗೂಡಿನಲ್ಲಿಟ್ಟಳು. ಅಪ್ಪ ಅಷ್ಟು ಹೊತ್ತೂ ಹಾಲ್‌ನಲ್ಲಿ ಕೂತಿದ್ದವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಖಾನಾವಳಿಗೆ ಹೋಗಿ, ನಾಳೆಯಿಂದ ರೊಟ್ಟಿ ಇಲ್ಲ ಅಂತ ಹೇಳಿ ಬಂದರು.

"ನನ್ನ ಒಂದ ಮಾತು ಕೇಳಬೇಕಿತ್ತು ನೀವು" ಅಂದಳು ಅವ್ವ.

"ಕೇಳಿದ್ರ ಬ್ಯಾಡ ಅಂತಿದ್ದಿ."

"ಬ್ಯಾಡ ಅನ್ನಾಕರ ಕೇಳಬೇಕಿತ್ತು. ಈ ಮನ್ಯಾಗ ನನ್ನ ಯಾರು ಏನು ಕೇಳ್ಯಾರ."

ಅಪ್ಪ ತಲೆ ತಗ್ಗಿಸಿದರು. ಆ ಮಾತು ಅವರಿಗೆ ಹೇಳಿದ್ದಲ್ಲ ಅಂತ ನಮಗೆ ಮೂವರಿಗೂ ಗೊತ್ತಿತ್ತು. ಎರಡು ದಿನ ಬಿಟ್ಟು ಅವ್ವನೇ ಬಂದು, "ಕೈ ಆದ ಮ್ಯಾಲೆ ಮತ್ತ ಮಾಡೂದೋ ಬಿಡೂದೋ ನಾ ಹೇಳತೀನಿ, ನೀ ಹೇಳಬ್ಯಾಡ" ಅಂದಳು. ಆಗಲಿ ಅಂದೆ.

ಈಗ ಸಾಲ ತನ್ನ ಮಾಮೂಲು ವೇಗದಲ್ಲಿ ಹೋಗುತ್ತಿದೆ. ಹೀಗೇ ಹೋದರೆ ಅಪ್ಪನ ನಿವೃತ್ತಿಯ ದಿನವನ್ನು ದಾಟುತ್ತದೋ ಇಲ್ಲವೋ ಅಂತ ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಬಡ್ಡಿದರ ಒಂಚೂರು ಏರಿದರೆ ದಾಟುತ್ತದೆ. ಬ್ಯಾಂಕಿಗೆ ಹೋಗುತ್ತಿದ್ದ ಹೆಚ್ಚುವರಿ ಹಣ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಹೋಗುತ್ತದೆ. ಮನೆಯಲ್ಲಿ ಬೆಳಿಗ್ಗೆ ರೊಟ್ಟಿಯ ಸದ್ದಿಲ್ಲ. ಅದಕ್ಕೇ ಎಚ್ಚರವಾಗುತ್ತಿದ್ದ ನಾನು ಈಗ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡಿದ್ದೇನೆ.

ವ್ಯಾಯಾಮ ಕಲಿಸುವ ಹುಡುಗಿ ಅವ್ವನಿಗೆ ಮನೆಪಾಠವನ್ನೂ ಕೊಟ್ಟಿದ್ದಾಳೆ. ಗೋಡೆಯ ಮುಂದೆ ನಿಂತು ಬಲಗೈ ಬೆರಳುಗಳನ್ನು ಇರುವೆಯ ಹಾಗೆ ಗೋಡೆಯ ಮೇಲೆ ನಡೆಸಬೇಕು, ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಿಂದ ಗೀಟು ಎಳೆಯಬೇಕು, ಮರುವಾರ ಅದನ್ನು ದಾಟಬೇಕು. ಅವ್ವ ಇದಕ್ಕೆ ಅಡುಗೆಮನೆಯ ಗೋಡೆಯನ್ನೇ ಆರಿಸಿಕೊಂಡಳು. ನಾನು ಪೆನ್ಸಿಲ್ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ಹಣೆಯ ಟಿಕಳಿ ಕಿತ್ತು ಬೆರಳು ನಿಂತ ಜಾಗದಲ್ಲಿ ಅಂಟಿಸಿದಳು. ಕಿತ್ತರೆ ಗೋಡೆಗೆ ಗುರುತು ಉಳಿಯೋದಿಲ್ಲ.

"ಗೀಟೇ ಎಳಿ ಅವ್ವಾ, ಪರವಾಗಿಲ್ಲ."

"ಬ್ಯಾಂಕಿನವರು ಬಂದು ನೋಡಿದ್ರ?" ಅಂದಳು, ನನ್ನ ಕಡೆ ತಿರುಗದೆ.

ಅದು ತಮಾಷೆಯೋ, ಇನ್ನೂ ಹಾಗೇ ಅಂದುಕೊಂಡಿದ್ದಾಳೋ, ನನಗೆ ತಿಳಿಯಲಿಲ್ಲ. ಕೇಳಬಹುದಿತ್ತು, ಕೇಳಲಿಲ್ಲ. ಅವಳ ಬೆರಳುಗಳು ಮತ್ತೆ ಗೋಡೆ ಹತ್ತಲು ಶುರು ಮಾಡಿದ್ದವು, ಉಸಿರು ಬಿಗಿಹಿಡಿದಿದ್ದಳು.

ಒಂಬತ್ತು ವಾರವಾಯಿತು. ಗೋಡೆಯ ಮೇಲೆ ಒಂಬತ್ತು ಟಿಕಳಿಗಳಿವೆ. ಮೊದಲ ಐದು ಒಂದರ ಮೇಲೊಂದು ಏರಿವೆ, ಆರು ಮತ್ತು ಏಳು ಒಂದೇ ಮಟ್ಟದಲ್ಲಿವೆ, ಎಂಟನೆಯದು ಕೆಳಗೆ ಬಂದಿದೆ. ನಿನ್ನೆಯದು ಸ್ವಿಚ್‌ಬೋರ್ಡಿನ ಕೆಳಗಂಚಿಗೆ ಬಂತು. ಜೋಳದ ಹಿಟ್ಟಿನ ಡಬ್ಬಿ ಮೊದಲು ಇರುತ್ತಿದ್ದ ಹಲಗೆ ಅಲ್ಲಿಂದ ಇನ್ನೂ ಒಂದು ಮೊಳ ಮೇಲಿದೆ. ತಲೆ ಈಗಲೂ ಅಪ್ಪನೇ ಬಾಚುತ್ತಾರೆ. ತುರುಬು ಈಗ ವಾಲುವುದಿಲ್ಲ.