ಕಪ್ಪು-ಬಸಿಯ ಬಿಲ್ಲೆ

ಯುದ್ಧದ ಕಾಲಕ್ಕೆ ಪೇಟೆಯಲ್ಲಿ ಚಿಲ್ಲರೆ ಕಾಣೆಯಾಯಿತು. ಅಂಗಡಿಯವರು ತಮ್ಮ ತಮ್ಮ ಗುರುತು ಒತ್ತಿದ ತಾಮ್ರದ ಬಿಲ್ಲೆಗಳನ್ನೇ ಚಿಲ್ಲರೆಯಾಗಿ ಕೊಡತೊಡಗಿದರು. ಕೊಟ್ಟವನ ಅಂಗಡಿ ಬಿಟ್ಟರೆ ಅವು ಬೇರೆಲ್ಲೂ ನಡೆಯುತ್ತಿರಲಿಲ್ಲ. ಆಗ ನಾನು ಕಲ್ಯಾಣದಲ್ಲಿ ಮಾಸ್ತರ. ಅವನ್ನು ಕೂಡಿಹಾಕುವ ಹುಚ್ಚು ಹತ್ತಿತು. ಪಾಠ ಹೇಳುವಾಗಲೂ ಕೈ ಜೇಬಿನೊಳಗೆ ಅವನ್ನೇ ತಡವುತ್ತಿತ್ತು.

ಹುಮನಾಬಾದಿನ ಒಂದು ಚಹಾದಂಗಡಿಯ ಬಿಲ್ಲೆ ಮಾತ್ರ ಸಿಕ್ಕಿರಲಿಲ್ಲ. ಮಾಲೀಕ ಅಂಗಡಿ ಮುಚ್ಚಿ ಹೈದರಾಬಾದಿಗೆ ಹೋಗಿದ್ದ. ಅದರ ಎದುರು ಎಲೆ ಮಾರುವ ಮುದುಕಿಯ ಹತ್ತಿರ ಒಂದು ಉಳಿದಿದೆಯೆಂದು ತಿಳಿದಾಗಿನಿಂದ ನಿಂತಲ್ಲಿ ನಿಲ್ಲಲಾಗಲಿಲ್ಲ. ಆಗ ನಮ್ಮಲ್ಲಿ ವಾರದ ರಜೆ ಶುಕ್ರವಾರ; ಅಂದೇ ಹೊರಟೆ. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸು ದಾರಿಯ ರಾಜೇಶ್ವರದಲ್ಲಿ ಕೆಟ್ಟು ನಿಂತಿತು. ಕಾಯಲಾರದೆ ಮುದುಕಿಯಿದ್ದಲ್ಲಿಗೆ ನಡೆದೇಬಿಟ್ಟೆ.

"ಆ ಬಿಲ್ಲೆಗೆ ಒಂದು ರೂಪಾಯಿ ಕೊಡ್ತೀನಿ, ಅವ್ವ," ಎಂದೆ.

"ರೂಪಾಯಿ ಯಾಕ್ರಿ ಮಾಸ್ತರ? ಇದಕ್ಕ ಒಂದು ಕಪ್ ಚಾ ಬರ್ತದ."

"ಅಂಗಡಿ ಮುಚ್ಚ್ಯಾದಲ್ಲ!"

"ಸೇಠ ಬರ್ತೀನಿ ಅಂತ ಹೇಳಿ ಹೋಗ್ಯಾರ್ರಿ."

ಓಡಿಹೋಗಿ ಬೇರೆ ಅಂಗಡಿಯಿಂದ ಚಹಾ ತಂದೆ. ಮುದುಕಿ ಬಸಿಗೆ ಸುರಿದು, ಊದಿ ಊದಿ ಕುಡಿದಳು. ಆಮೇಲೆ ಬಿಲ್ಲೆಯನ್ನು ಸೆರಗಿಗೆ ಗಂಟು ಹಾಕಿದಳು.

"ಇದು ನೀವು ಕುಡಿಸಿದ ಚಾ. ಅದು ಅವರು ಕುಡಿಸಬೇಕಾದದ್ದು."

ಸಿಟ್ಟು ಬಂತು. ಎದ್ದು ಮೂಲೆಯ ತನಕ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ.

"ಹಂಗ್ಯಾಕ ತಿರುಗಾಡಾಕತ್ತೀರಿ? ಕೂಡ್ರಿ."

ಕೂತೆ. ಅಚ್ಚನ್ನಾದರೂ ತೆಗೆದುಕೊಳ್ಳುತ್ತೇನೆಂದು ಬೇಡಿದೆ. ಗಂಟು ಬಿಚ್ಚಿದಳು. ಬಿಲ್ಲೆಯ ಮೇಲೆ ಹಾಳೆಯಿಟ್ಟು ಪೆನ್ಸಿಲಿನಿಂದ ತಿಕ್ಕಿದೆ. ಸೊಟ್ಟ ಹಿಡಿಕೆಯ ಕಪ್ಪು, ಅದರ ಕೆಳಗೆ ಬಸಿ ಮೂಡಿದವು. ಮುದುಕಿ ಕಣ್ಣರಳಿಸಿದಳು.

"ನನಗೂ ಒಂದು ತೆಗೀರಿ."

ಕೊಟ್ಟೆ. ಆದರೂ ಸಮಾಧಾನವಿಲ್ಲ. ಮುಂದಿನ ಶುಕ್ರವಾರ ಮತ್ತೆ ಹೋದೆ. ಮುಚ್ಚಿದ ಬಾಗಿಲಿಗೆ ಆ ಹಾಳೆಯನ್ನು ಹಿಟ್ಟಿನ ಅಂಟಿನಿಂದ ಹಚ್ಚಿದ್ದಳು.

"ಸೇಠ ಬಂದ್ರ ತಿಳೀಲಿ, ನಾ ಇನ್ನೂ ಕುಡಿದಿಲ್ಲಂತ."

ಸೇಠ ಬರಲಿಲ್ಲ. ನಾಣ್ಯಗಳು ತಿರುಗಿ ಬಂದ ಮೇಲೆ ಅಂಗಡಿಯವರು ಬಿಲ್ಲೆಗಳನ್ನು ತಾಮ್ರದ ತೂಕಕ್ಕೆ ಮಾರಿದರು. ನನಗೆ ಬೊಗಸೆ ತುಂಬ ಸಿಕ್ಕವು. ಮುದುಕಿ ಮಾತ್ರ ತನ್ನದನ್ನು ಕೊಡಲಿಲ್ಲ. ಆ ಬಾಗಿಲ ಮುಂದೆ ಹಾದಾಗಲೆಲ್ಲ ಬೀಗ ತೆಗೆದಿದೆಯೇ ಎಂದು ನಾನೂ ನೋಡತೊಡಗಿದ್ದೆ.